ವಿಮಾನದ ಪಾಯಾ

ಮಾರ್ಚ್ ೬, ಗುರುವಾರ

ಮೂವತ್ತು ವರ್ಷದಿಂದ ಡೈರಿ ಬರೆಯುತ್ತಿದ್ದೇನೆ. ಆದರೆ ಅದು ಗೌಂಡಿಯ ಡೈರಿ. ಇಂದು ಯಾರ ಮನೆ, ಎಷ್ಟು ಜನ ಆಳು, ಸ್ಲ್ಯಾಬ್ ಹಾಕಿದೆವೋ ಇಲ್ಲವೋ, ಕೊನೆಗೆ ‘ಬಾಕಿ ಕೆಲಸ’ ಎಂದು ಒಂದು ಸಾಲು. ಈ ವರ್ಷ ಸಿಮೆಂಟ್ ಅಂಗಡಿಯವರು ಎರಡು ಡೈರಿ ಕೊಟ್ಟರು. ಒಂದು ಸಾರವಾಡದಲ್ಲಿ ಕಟ್ಟುತ್ತಿರುವ ಮನೆಗೆ. ಇದು ಎರಡನೆಯದು. ಇದರಲ್ಲಿ ಬರೆಯುವುದು ಒಂದೂವರೆ ಅಡಿ ಚೌಕದ ಒಂದೇ ಒಂದು ಕೆಲಸ.

ಮೊನ್ನೆ ಮಂಗಳವಾರ ಸಾರವಾಡದಿಂದ ವಿಜಯಪುರಕ್ಕೆ ಬರುವಾಗ ನನ್ನ ಬೈಕ್ ಬಿತ್ತು. ಹಿಂದೆ ಕೂತಿದ್ದ ಮಗಳು ನಂದಾಳ ಬಲಗೈ ಮಣಿಕಟ್ಟಿನ ಹತ್ತಿರ ಎರಡು ಎಲುಬು ಮುರಿದವು. ನನಗೆ ಮೊಣಕಾಲು ತರಚಿತು, ಅಷ್ಟೇ. ನಾಯಿ ಅಡ್ಡ ಬಂತು. ಕಂದು ಬಣ್ಣದ ನಾಯಿ.

ಆರು ವಾರ ಪ್ಲಾಸ್ಟರ್ ಎಂದಿದ್ದಾರೆ ಡಾಕ್ಟರು. ನಂದಾ ತಿಕೋಟಾದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಮನೆಗೆ ಬಂದರೆ ಮೇಜಿನ ಮುಂದೆ ಕೂತು ಪ್ಲಾಸ್ಟಿಕ್ ಹಾಳೆ ಕತ್ತರಿಸಿ ವಿಮಾನ ಮಾಡುತ್ತಾಳೆ. ಇಪ್ಪತ್ತೇಳು ವರ್ಷದವಳು! ಈಗ ಮಾಡಿರುವ ಹಳದಿ ವಿಮಾನಕ್ಕೆ ಎರಡು ವರ್ಷ ಹಿಡಿಯಿತು. ಏಪ್ರಿಲ್ ೧೨ಕ್ಕೆ ಪುಣೆಯಲ್ಲಿ ಇಂಥ ಮಾದರಿಗಳ ಸ್ಪರ್ಧೆ ಇದೆ. ವಿಮಾನ ಸಿದ್ಧವಾಗಿದೆ, ಅದು ನಿಲ್ಲುವ ನೆಲ ಸಿದ್ಧವಿಲ್ಲ. ನೆಲವಿಲ್ಲದಿದ್ದರೆ ಅವಳು ಹೆಸರು ಕೊಟ್ಟ ವಿಭಾಗದಲ್ಲಿ ಒಳಗೇ ಬಿಡುವುದಿಲ್ಲವಂತೆ. ಆ ನೆಲಕ್ಕೆ ನಮೂನೆಯ ಫೋಟೊ ತೆಗೆಯಲೆಂದೇ ಮಂಗಳವಾರ ನನ್ನ ಜೊತೆ ಸಾರವಾಡದ ನಮ್ಮ ಹಳೆಯ ಹೊಲಕ್ಕೆ ಬಂದಿದ್ದಳು.

“ಬಿಡಪಾ, ಮುಂದಿನ ವರ್ಷ ನೋಡಿದರಾತು” ಅಂದಳು ಇವತ್ತು, ಪ್ಲಾಸ್ಟರ್ ಹಾಕಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು.

“ಮುಂದಿನ ವರ್ಷ ಯಾಕ? ನಾ ಮಾಡತೀನಿ.”

“ನೀನಾ?”

“ಯಾಕ? ಎರಿ ಮಣ್ಣಿನ್ಯಾಗ ನೂರಾ ನಲವತ್ತ ಮನಿಗೆ ಪಾಯಾ ಹಾಕೇನಿ. ಒಂದ ಆಟಿಗಿ ವಿಮಾನಕ್ಕ ಪಾಯಾ ಹಾಕಾಕ ಬರೂದಿಲ್ಲೇನು ನನಗ?”

ಆಟಿಗೆ ಎಂದದ್ದಕ್ಕೆ ಮುಖ ಆ ಕಡೆ ತಿರುಗಿಸಿದಳು. ತಿರುಗಿಸಲಿ. ಮಾಡಿ ತೋರಿಸುತ್ತೇನೆ.

ಬಾಕಿ ಕೆಲಸ: ಎಲ್ಲ.

ಮಾರ್ಚ್ ೮, ಶನಿವಾರ

ಮುಗಿಯಿತು. ಎರಡೇ ದಿನ. ಎರಡು ಇಂಚು ದಪ್ಪದ ಕಾಂಕ್ರೀಟ್, ಒಳಗೆ ಕಬ್ಬಿಣದ ಜಾಳಿಗೆ, ನಾಲ್ಕೂ ಅಂಚಿಗೆ ಗಿಲಾವು. ಲೆವಲ್ ಪಟ್ಟಿ ಇಟ್ಟರೆ ಗುಳ್ಳೆ ಸರಿಯಾಗಿ ನಡುವೆ ನಿಂತಿತು. ನೂರು ವರ್ಷ ಅಲುಗಾಡುವುದಿಲ್ಲ.

ನಾನು ಒಂದು ಕಡೆ, ಹೆಂಡತಿ ಕಸ್ತೂರಿ ಒಂದು ಕಡೆ ಹಿಡಿದು ನಂದಾಳ ಮೇಜಿನ ಮೇಲೆ ಇಟ್ಟೆವು. ಮೇಜು ಕಿರ್ ಅಂದಿತು. ನಂದಾ ಎಡಗೈಯಿಂದ ಅದನ್ನು ದೂಡಿ ನೋಡಿದಳು, ಕದಲಲಿಲ್ಲ. ಆಮೇಲೆ ನಗು ಶುರು ಮಾಡಿದಳು ನೋಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. “ಅಪ್ಪಾ, ಪುಣೆಕ್ಕ ಇದನ್ನ ಲಾರ್‍ಯಾಗ ಹಾಕಿ ಕಳಸೋದೇನು?”

ತೂಗಿ ನೋಡಿದೆ. ಇಪ್ಪತ್ನಾಲ್ಕು ಕಿಲೊ. ಸಿಟ್ಟು ಬಂತು, ಆದರೆ ಬಿದ್ದ ಮೇಲೆ ಅವಳು ನಕ್ಕದ್ದು ಇದೇ ಮೊದಲು. ಕಸ್ತೂರಿ ಅದನ್ನು ಹಿತ್ತಲಿಗೆ ಒಯ್ದು ಬಟ್ಟೆ ಒಗೆಯುವ ಕಲ್ಲು ಮಾಡಿಕೊಂಡಿದ್ದಾಳೆ.

ಮಾರ್ಚ್ ೧೧, ಮಂಗಳವಾರ

ನಮ್ಮ ಮನೆಗಳಿಗೆಲ್ಲ ಬಾಗಿಲು ಮಾಡಿಕೊಡುವ ಬಡಿಗ ಅಯೂಬನ ಹತ್ತಿರ ಹೋದೆ. ಅವನು ಪ್ಲೈವುಡ್ಡಿನ ತಟ್ಟೆಗೆ ಸುತ್ತಲೂ ಸಾಗವಾನಿಯ ಅಂಚು ಕಟ್ಟಿ ಕೊಟ್ಟ. ಹಗುರಾಗಿದೆ, ಒಂದು ಕೈಯಲ್ಲಿ ಎತ್ತಬಹುದು. “ಗುರುಪಾದಯ್ಯಾರ, ಇದರ ಮ್ಯಾಲ ಎಷ್ಟ ಅಂತಸ್ತ ಏರಸ್ತೀರಿ?” ಅಂದ. ಅವನ ಬಾಯಿಗೆ ಹತ್ತುವುದು ಬೇಡವೆಂದು ಚಹಾ ಕುಡಿಯದೇ ಬಂದೆ.

ಸಾರವಾಡದ ಹೊಲದಿಂದ ಒಂದು ಚೀಲ ಕಪ್ಪು ಎರೆ ಮಣ್ಣು ತಂದೆ. ಆ ಮಣ್ಣು ಕಂಡದ್ದೇ ನನ್ನ ತಾಯಿ ರೇಣುಕವ್ವ ಕಥೆ ತೆಗೆದಳು.

“ನಾ ಆಗ ಹೊಸಾ ಸೊಸಿ. ಮಟಮಟ ಮಧ್ಯಾಹ್ನ. ಮ್ಯಾಲ ಗುರ್ ಅಂತ ಸಪ್ಪಳ. ನೋಡತೀನಿ, ಹಳದೀ ವಿಮಾನ ನಮ್ಮ ಹೊಲದಾಗ ಇಳ್ಯಾಕತ್ತೈತಿ! ಊರ ಮಂದಿ ಎಲ್ಲಾ ಓಡತು. ನಾ ಮಜ್ಜಿಗಿ ತಂಬಿಗಿ ಹಿಡಕೊಂಡ ಓಡಿದೆ. ಒಳಗಿಂದ ಒಬ್ಬ ಇಳದ, ಮೀಸಿ ಸೈತ ಬಂದಿರಲಿಲ್ಲ ಅವಗ...”

ಹುಟ್ಟಿದಾಗಿನಿಂದ ಕೇಳಿದ್ದೇನೆ. ಮಜ್ಜಿಗೆ ಬಂದ ಕೂಡಲೇ ನಾನು ಎದ್ದು ಬಿಡುತ್ತೇನೆ. ನಂದಾ ಮಾತ್ರ ಸಣ್ಣವಳಿದ್ದಾಗಿನಿಂದ ಕೊನೆಯ ತನಕ ಕೇಳಿದವಳು. ಈ ವಿಮಾನದ ಹುಚ್ಚು ಹತ್ತಿದ್ದು ಅಲ್ಲಿಂದಲೇ.

ಅವ್ವ ಆಮೇಲೆ ನಂದಾಳ ಕೈ ನೋಡಿ ನಾಯಿಗೆ ಶಾಪ ಹಾಕಿದಳು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ದಿನಾ ಹಾಕುತ್ತಾಳೆ. ಕಸ್ತೂರಿಯಂತೂ ನಮ್ಮ ಬಾಗಿಲಿಗೆ ಬರುವ ಕಂದು ನಾಯಿಗೆ ಉಳಿದ ರೊಟ್ಟಿ ಹಾಕುವುದನ್ನೇ ಬಿಟ್ಟಿದ್ದಾಳೆ. “ಅದರ ಮಾರಿ ನೋಡಿದರ ಮೈ ಉರೀತೈತಿ” ಅನ್ನುತ್ತಾಳೆ. ಅದು ಗೇಟಿನ ಹೊರಗೆ ಕೂತು ಒಳಗೆ ನೋಡುತ್ತದೆ. ಬಿದ್ದದ್ದು ಸಾರವಾಡದ ರಸ್ತೆಯಲ್ಲಿ, ಈ ನಾಯಿ ಇರುವುದು ಸ್ಟೇಷನ್ ರಸ್ತೆಯ ಹಿಂದಿನ ನಮ್ಮ ಓಣಿಯಲ್ಲಿ. ಹೇಳಿದರೆ ಕೇಳುವುದಿಲ್ಲ.

ಮಾರ್ಚ್ ೧೭, ಸೋಮವಾರ

ಮಣ್ಣು ಹಾಕಿದೆ. ಕಸ್ತೂರಿಯ ಹಿಟ್ಟಿನ ಸಾಣಿಗೆಯಲ್ಲಿ ಮೂರು ಸಲ ಸೋಸಿದೆ. ಅವಳು ನೋಡುವುದರೊಳಗೆ ತೊಳೆದಿಟ್ಟೆ. ಕೆಳಗಿನ ಪದರಕ್ಕೆ ಬಿಳಿ ಅಂಟು, ಮೇಲಿನದಕ್ಕೆ ಅಂಟು ಬೇಡ, ಬರೇ ನೀರು ಎಂದು ನಂದಾ ಹೇಳಿದ್ದಳು. ಹಾಗೆಯೇ ಮಾಡಿದೆ. ಗಾರೆ ಎಳೆಯುವ ತಾಪಿಯಿಂದ ಎಳೆದಿದ್ದೇನೆ, ಒಂದು ಉಬ್ಬು ತಗ್ಗು ಇಲ್ಲ. ಮಾಳಿಗೆಯ ಮೇಲೆ ಒಣಗಲು ಇಟ್ಟೆ.

“ಹಗಲೆಲ್ಲ ಮುಟ್ಟಬ್ಯಾಡ ಅಪ್ಪಾ, ಹಂಗ ಬಿಡು” ಅಂದಳು. ನೂರಾ ನಲವತ್ತು ಮನೆ ಕಟ್ಟಿದವನಿಗೆ ಹೇಳುವ ಮಾತು!

ಮಾರ್ಚ್ ೧೮, ಮಂಗಳವಾರ

ಏನು ಬರೆಯಲಿ. ಬರೆಯುತ್ತೇನೆ, ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ.

ಬೆಳಿಗ್ಗೆ ಕಸ್ತೂರಿ ನಂದಾಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋದ ಮೇಲೆ ಮಾಳಿಗೆಗೆ ಹೋದೆ. ನೆಲವೆಲ್ಲ ಬಿರುಕು! ಒಂದಲ್ಲ, ಎರಡಲ್ಲ, ಈ ಅಂಚಿನಿಂದ ಆ ಅಂಚಿಗೆ ಬಲೆ ಹಾಸಿದ ಹಾಗೆ. ನಾನು ಕಟ್ಟಿದ ಮನೆಯಲ್ಲಿ ಒಂದು ಗೋಡೆ ಕೂದಲೆಳೆ ಬಿರಿದರೂ ಮಾಲೀಕರು ಕರೆಯುವ ಮೊದಲೇ ನಾನೇ ಹೋಗಿ ಮುಚ್ಚಿ ಬಂದವನು. ಸಾರವಾಡದಿಂದ ಬಬಲೇಶ್ವರದ ತನಕ ಹೆಸರು ಉಳಿದಿರುವುದೇ ಹಾಗೆ. ಸಂಜೆ ಮಗಳು ಬಂದು ನೋಡಿದರೆ ಏನಂದಾಳು?

ಇವತ್ತು ಸಾರವಾಡದ ಕೆಲಸಕ್ಕೆ ಹೋಗಲಿಲ್ಲ. ಕೂತು ಒಂದೊಂದೇ ಬಿರುಕು ತುಂಬಿದೆ. ಮಣ್ಣು, ಅಂಟು, ಸ್ವಲ್ಪ ಪುಟ್ಟಿ ಕಲಸಿ, ಹಲ್ಲುಕಡ್ಡಿಯ ತುದಿಯಿಂದ ಇಳಿಸಿ, ಒದ್ದೆ ಸ್ಪಂಜಿನಿಂದ ಒರೆಸಿ, ಚಮಚದ ಬೆನ್ನಿನಿಂದ ತಿಕ್ಕಿದೆ. ಊಟ ಮರೆತೆ. ನಾಲ್ಕು ಗಂಟೆಗೆ ನೋಡಿದರೆ ಒಂದೇ ಒಂದು ಗೆರೆ ಇಲ್ಲ. ಕನ್ನಡಿಯ ಹಾಗೆ ಹೊಳೆಯಿತು.

ನಂದಾ ಬಂದವಳೇ ಸೀದಾ ಮೇಲೆ ಹತ್ತಿದಳು. ನಾನು ಹೊಗಳಿಕೆಗೆ ಕಾದು ನಿಂತಿದ್ದೆ.

“ಅಪ್ಪಾ, ಬಿರಕ ಎಲ್ಲಿ ಹೋದವು?”

“ಇದ್ದೂ ಅಂತ ನಿನಗ ಹೆಂಗ ಗೊತ್ತು?”

ಎಡಗೈಯಿಂದ ಫೋನ್ ತೆಗೆದು ತೋರಿಸಿದಳು. ಬೆಳಿಗ್ಗೆ ಆಸ್ಪತ್ರೆಗೆ ಹೋಗುವ ಮುಂಚೆಯೇ ಮಾಳಿಗೆಗೆ ಬಂದು ಫೋಟೊ ತೆಗೆದಿದ್ದಾಳೆ. “ದವಾಖಾನಿಯಾಗ ಎಲ್ಲಾರಿಗೂ ತೋರಿಸೀನಿ, ನಮ್ಮಪ್ಪ ಮಾಡ್ಯಾನ ಅಂತ. ಇಂಥಾವು ಮಾಡಾಕ ಮಂದಿ ತಿಂಗಳಗಟ್ಟಲೆ ಒದ್ದಾಡತಾರ. ಮೊದಲನೇ ಸಲಕ್ಕ ಬಂದಿದ್ದೂ...” ಅಷ್ಟಕ್ಕೇ ಅತ್ತುಬಿಟ್ಟಳು. ಕೈ ಮುರಿದ ದಿನವೂ ಹೀಗೆ ಅತ್ತಿರಲಿಲ್ಲ.

ಅವ್ವ ಕೆಳಗಿನಿಂದಲೇ ಕೇಳಿ ವಿಷಯ ತಿಳಿದು ಕೂಗಿದಳು: “ಲೇ ಗುರುಪಾದಾ! ಇಳದ ವಿಮಾನ ಹಂಗ ಓಡಿ ನಮ್ಮ ಬಾವ್ಯಾಗ ಬೀಳತಿತ್ತಲೇ! ಬ್ಯಾಸಗಿ, ನೆಲ ಬಿರತಿತ್ತು, ಕರುವಿನ ಕಾಲ ಹೋಗುವಂಥಾ ಬಿರಕ. ಅದರಾಗ ಗಾಲಿ ಸಿಕ್ಕ ನಿಂತಿತು. ಆ ಬಿರಕ ಇರಲಿಲ್ಲಂದ್ರ ಆ ಹುಡುಗ ನನ್ನ ಮಜ್ಜಿಗಿ ಕುಡ್ಯಾಕ ಉಳೀತಿದ್ದಿಲ್ಲ! ನೀ ಒಮ್ಮೆರ ಪೂರಾ ಕೇಳಿದಿ ಏನ?”

ಕೇಳಿರಲಿಲ್ಲ. ಐವತ್ತೆಂಟು ವರ್ಷದಲ್ಲಿ ಒಂದು ಸಲವೂ ಮಜ್ಜಿಗೆಯ ಮುಂದಕ್ಕೆ ಕೂತು ಕೇಳಿರಲಿಲ್ಲ.

ಮಾರ್ಚ್ ೧೯, ಬುಧವಾರ

ಎಲ್ಲ ಕೆರೆದು ತೆಗೆದೆ. ಉಳಿ ತಾಗಿ ಹೆಬ್ಬೆರಳು ಕೊಯ್ಯಿತು. ಒಳ್ಳೆಯದೇ ಆಯಿತು.

ಮಾರ್ಚ್ ೨೨, ಶನಿವಾರ

ಮೂರು ದಿನ ಅವಳು ನೆಲದ ಮಾತೇ ತೆಗೆಯಲಿಲ್ಲ. ಇವತ್ತು ನಾನೇ ಹೋಗಿ ಮೇಜಿನ ಹತ್ತಿರ ಸ್ಟೂಲ್ ಎಳೆದುಕೊಂಡು ಕೂತೆ.

“ಹೇಳಿಕೊಡು” ಅಂದೆ.

ಈ ಮಾತನ್ನು ನಾನು ಯಾರಿಗಾದರೂ ಅಂದು ಎಷ್ಟು ವರ್ಷವಾಯಿತೋ ನೆನಪಿಲ್ಲ. ಅವಳು ನಕ್ಷೆಯ ಹಾಳೆ ತೆಗೆದಳು. ಈ ವಿಮಾನ ನಿಜವಾದದ್ದರ ಮೂವತ್ತೆರಡರಲ್ಲಿ ಒಂದು ಪಾಲು. ಹಾಗಾಗಿ ಹೊಲದಲ್ಲಿ ನಾಲ್ಕು ಬೆರಳು ಅಗಲದ ಬಿರುಕು ಇದ್ದರೆ ನಮ್ಮ ತಟ್ಟೆಯಲ್ಲಿ ಅದು ಜೋಳದ ಕಾಳಿಗಿಂತ ಸಣ್ಣದಿರಬೇಕು. ಗಾಲಿ ಅದರಲ್ಲಿ ಅರ್ಧ ಇಳಿಯಬೇಕು. “ನೀ ಮೂವತ್ತೆರಡ ಪಟ್ಟ ಸಣ್ಣಾವ ಆಗಿ ಹೊಲದಾಗ ಅಡ್ಡಾಡು” ಅಂದಳು. ಅಡ್ಡಾಡಿದೆ. ಒಂದೆರಡು ಕಡೆ ಎಡವಿದೆ ಕೂಡ.

ಮೊದಲು ಹಳೆಯ ಡಬ್ಬಿಗಳ ಮುಚ್ಚಳದಲ್ಲಿ ಮಣ್ಣು ಹಾಕಿ ನೋಡುವುದೆಂದು ಠರಾವಾಯಿತು. ಮೂರು ಮುಚ್ಚಳ ಹಾಕಿದೆ. ಸಂಜೆಯ ತನಕ ಒಂದರಲ್ಲೂ ಬಿರುಕಿಲ್ಲ. ಯಾಕೆಂದು ನಂದಾ ಮಾಳಿಗೆಗೆ ಬಂದು ನೋಡಿದರೆ, ಮೂರರ ಮೇಲೂ ಒದ್ದೆ ಗೋಣಿತಟ್ಟು! ಯಾವಾಗ ಹೊದಿಸಿದೆನೋ ನನಗೇ ಗೊತ್ತಿಲ್ಲ. ಕಾಂಕ್ರೀಟಿಗೆ ನೀರುಣಿಸುವ ಚಾಳಿ ಕೈಗೆ ಅಂಟಿದೆ.

“ಬಿರಕ ಬೇಕಂತಿ, ಮ್ಯಾಲ ನೀರ ಹೊಡೀತಿ. ನಿನ್ನ ಕೈ ಕಟ್ಟಿ ಹಾಕಬೇಕ ನೋಡು” ಅಂದಳು. ಅಂದು, ನಕ್ಕಳು.

ಬಾಕಿ ಕೆಲಸ: ನನ್ನ ಕೈ.

ಮಾರ್ಚ್ ೨೬, ಬುಧವಾರ

ಆರು ಮುಚ್ಚಳ ಹಾಳಾದವು. ಒಂದರಲ್ಲಿ ಮಣ್ಣು ಹಪ್ಪಳದ ಹಾಗೆ ಅಂಚು ಎತ್ತಿ ಎದ್ದು ಬಂತು. ಒಂದರಲ್ಲಿ ಬಂದದ್ದು ಒಂದೇ ಬಿರುಕು, ಅದೂ ನಟ್ಟನಡುವೆ, ಒಡೆದ ತಟ್ಟೆಯ ಹಾಗೆ. ಬಿಡುವುದಿಲ್ಲ ನಾನು. ಮಣ್ಣು ನನ್ನನ್ನು ನಲವತ್ತು ವರ್ಷದಿಂದ ನೋಡಿದೆ, ನಾನೂ ಅದನ್ನು ನೋಡಿದ್ದೇನೆ.

ಮಧ್ಯಾಹ್ನ ಬಬಲೇಶ್ವರದಿಂದ ಫೋನ್. ಅಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಸಿದ್ದಲಿಂಗೇಶ ಎಂಬ ಹುಡುಗನಿಗೆ ನಂದಾಳನ್ನು ಕೇಳುತ್ತಿದ್ದಾರೆ. ಮಾತಾಡಿದ್ದು ಹುಡುಗನ ತಂದೆ.

“ಯಾವಾಗ ಬರೂಣ್ರಿ ಹುಡುಗಿ ನೋಡಾಕ?”

“ಏಪ್ರಿಲ್ ಹದಿನೈದರ ಮಟ ಪುರಸೊತ್ತಿಲ್ಲರಿ. ಬಿರಕ ಬರವಲ್ಲವು.”

“ಯಾವ ಮನಿ ಬಿರಕ ಬಿಟ್ಟೈತ್ರಿ?”

“ಬಿಟ್ಟಿಲ್ಲರಿ, ಅದ ನಮಗ ಚಿಂತಿ.”

ಅವರು ಫೋನ್ ಇಟ್ಟರು.

ಇದನ್ನು ಇಲ್ಲಿ ಬರೆದೇ ಬಿಡುತ್ತೇನೆ. ಇದು ನಾನೊಬ್ಬನೇ ಓದುವ ಡೈರಿ. ಅವತ್ತು ರಸ್ತೆಯಲ್ಲಿ ನಾಯಿ ಇರಲಿಲ್ಲ. ಇದೇ ಮನುಷ್ಯನ ಫೋನ್ ಬಂದಿತ್ತು. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಬೈಕ್ ಓಡಿಸುತ್ತಿದ್ದೆ. ತಿರುವಿನಲ್ಲಿ ಯಾರೋ ಉಸುಕು ಇಳಿಸಿದ್ದರು, ನನಗೆ ಕಾಣಿಸಲಿಲ್ಲ. ಆಸ್ಪತ್ರೆಯಲ್ಲಿ ಕಸ್ತೂರಿ “ಹೆಂಗಾತ್ರಿ?” ಎಂದಾಗ ಬಾಯಿಗೆ ನಾಯಿ ಬಂತು. ನಂದಾ ಪಕ್ಕದಲ್ಲೇ ಮಲಗಿದ್ದಳು, ಏನೂ ಅನ್ನಲಿಲ್ಲ. ನೋವಿನಲ್ಲಿ ಅವಳಿಗೆ ಕೇಳಿಸಿರಲಿಕ್ಕಿಲ್ಲ.

ಮಾರ್ಚ್ ೩೦, ಭಾನುವಾರ, ಯುಗಾದಿ

ಬಂತು! ಒಂಬತ್ತನೆಯ ಮುಚ್ಚಳ!

ಬೇವು ಬೆಲ್ಲ ಬಾಯಲ್ಲಿ ಇಟ್ಟುಕೊಂಡೇ ಮಾಳಿಗೆಗೆ ಓಡಿದ್ದೆ. ಕೆಳಗಿನ ಪದರದಲ್ಲಿ ಗರಸು, ಸಣ್ಣ ಹರಳಿನ ಮಣ್ಣು, ಬೆರೆಸಿ ಅಂಟು ಹಾಕಿದ್ದು ಸರಿಯಾಯಿತು, ಮೇಲಿನ ಮಣ್ಣಿಗೆ ಹಿಡಿತ ಸಿಕ್ಕಿತು. ಹೊಸ ಮನೆಗೆ ಪಾಯಾ ತೆಗೆದಾಗ ಎರೆ ತೆಗೆದು ಗರಸು ತುಂಬುತ್ತೇವಲ್ಲ, ಅದೇ ಬುದ್ಧಿ. ಇದು ನಂದಾಗೂ ಗೊತ್ತಿರಲಿಲ್ಲ. ಮೇಲಿನದು ಉಗುರಿನಷ್ಟು ದಪ್ಪ. ಆಮೇಲೆ ಬಿಸಿಲು. ಆಮೇಲೆ ಏನೂ ಮಾಡದೆ ಕೂರುವುದು. ಅದೇ ಎಲ್ಲಕ್ಕಿಂತ ಕಠಿಣ. ನಿನ್ನೆಯೆಲ್ಲ ಕೈ ಕಟ್ಟಿಕೊಂಡು ಮುಚ್ಚಳದ ಮುಂದೆ ಕೂತಿದ್ದೆ. ಮೊದಲ ಬಿರುಕು ಅಂಚಿನಿಂದ ಹೊರಟು ನನ್ನ ಕಣ್ಣೆದುರೇ ನಡೆದು ಹೋಯಿತು. ಬಿರುಕು ಹುಟ್ಟುವುದನ್ನು ನಾನು ಜೀವಮಾನದಲ್ಲಿ ಕೂತು ನೋಡಿರಲಿಲ್ಲ. ಚೆಂದ ಇರುತ್ತದೆ.

ಅವ್ವನಿಗೆ ತೋರಿಸಿದೆವು. ಮುಚ್ಚಳವನ್ನು ಕಣ್ಣಿನ ಹತ್ತಿರ ಹಿಡಿದು, “ಹೂಂ, ಇದು ನಮ್ಮ ಹೊಲ” ಅಂದಳು.

ಏಪ್ರಿಲ್ ೨, ಬುಧವಾರ

ಅಸಲಿ ತಟ್ಟೆಗೆ ಮಣ್ಣು ಬಿತ್ತು, ಬಿರಿಯಿತು. ಇವತ್ತು ಅಂಟನ್ನು ನೀರಿನಲ್ಲಿ ತೆಳ್ಳಗೆ ಮಾಡಿ ಔಷಧಿಯ ಡ್ರಾಪರಿನಿಂದ ಒಂದೊಂದೇ ಹನಿ ಬಿಟ್ಟು ಮಣ್ಣನ್ನು ಹಿಡಿಸಿದೆ. ಇನ್ನು ಕದಲುವುದಿಲ್ಲ.

ಜೋಳ ಕೊಯ್ದ ಹೊಲದಲ್ಲಿ ಕೂಳೆ ಇರಲೇಬೇಕು. ಕಸ್ತೂರಿಯ ಹೊಸ ಕಸಬರಿಗೆಯ ಕಡ್ಡಿ ಕತ್ತರಿಸಿ ಸಾಲು ಹಿಡಿದು ನೆಟ್ಟೆ, ನೂರಾ ಎಂಬತ್ತು. ಅವಳು ಕಸ ಗುಡಿಸಲು ಹೋಗಿ ಬೊಬ್ಬೆ ಹಾಕಿದಳು. “ಸಾಣಿಗಿ ಹೋತು, ಡಬ್ಬಿ ಮುಚ್ಚಳ ಹೋದವು, ಈಗ ಕಸಬರಿಗಿ! ಇನ್ನ ನನ್ನ ತಲಿಗೂದಲ ಅಷ್ಟ ಉಳದಾವ ನೋಡ್ರಿ!” ನಂದಾ ಅವಳ ತಲೆಯ ಕಡೆ ಒಂದು ಸಲ ನೋಡಿ, “ಒಣಾ ಹುಲ್ಲಿಗೆ ಚಲೋ ಆಗತಾವು” ಅಂದಳು. ಕಸ್ತೂರಿ ಲಟ್ಟಣಿಗೆ ಎತ್ತಿಕೊಂಡು ಬಂದಳು.

ಸಾರವಾಡದ ಮನೆಯವರು ಎಲ್ಲಿ ಹೋದಿರಿ ಅನ್ನುತ್ತಿದ್ದಾರೆ. ನಮ್ಮ ವಿಮಾನದ ಕೆಲಸ ಇದೆ, ಸೋಮವಾರ ಬರುತ್ತೇನೆ ಎಂದೆ.

ಏಪ್ರಿಲ್ ೬, ಭಾನುವಾರ

ವಿಮಾನ ನಿಂತಿತು.

ಅವಳ ಎಡಗೈ, ನನ್ನ ಬಲಗೈ. ಒಂದು ರೆಕ್ಕೆ ಅವಳು, ಒಂದು ರೆಕ್ಕೆ ನಾನು. “ಕೆಳಗ... ಕೆಳಗ... ಅಲ್ಲೇ” ಎನ್ನುತ್ತ ಇಳಿಸಿದೆವು. ಎಡಗಾಲಿ ಬಿರುಕಿನೊಳಗೆ ಅರ್ಧ ಇಳಿದು, ಆ ಕಡೆಯ ರೆಕ್ಕೆ ಒಂದಿಷ್ಟು ಬಾಗಿ ನಿಂತಿತು. ಅವ್ವ ಹೇಳಿದ ಹಾಗೆಯೇ. ಗಾಲಿಯ ಪಕ್ಕದಲ್ಲಿ ಅಲ್ಯೂಮಿನಿಯಂ ತಂತಿಯ ತುದಿ ತಟ್ಟಿ ಮಾಡಿದ ಮಜ್ಜಿಗೆ ತಂಬಿಗೆ ಇಟ್ಟೆ. ಅದು ನನ್ನದೇ ವಿಚಾರ.

ಇಬ್ಬರೂ ನೋಡುತ್ತ ಕೂತೆವು. ಕಸ್ತೂರಿ, ಅವ್ವ ಮಠಕ್ಕೆ ಹೋಗಿದ್ದರು. ಗೇಟಿನ ಹೊರಗೆ ಆ ನಾಯಿ ಒಂದು ಸಲ ಬೊಗಳಿತು. ಅದರ ಪಕ್ಕೆಲುಬು ಎಣಿಸಬಹುದು ಈಗ.

“ನಂದಾ, ಅವತ್ತ ನಾಯಿ ಇರಲಿಲ್ಲ” ಅಂದೆ.

“ಗೊತ್ತೈತಿ.”

“ಫೋನ್‌ನ್ಯಾಗ ಮಾತಾಡಾಕತ್ತಿದ್ದೆ.”

“ಅದೂ ಗೊತ್ತೈತಿ. ಏನ ಮಾತಾಡಿದಿ ಅನ್ನೂದೂ ಗೊತ್ತೈತಿ ಅಪ್ಪಾ. ನಾ ಹಿಂದ ಇದ್ದೆನಲ್ಲ.”

ಅದನ್ನು ಈ ಡೈರಿಗೂ ಹೇಳಿರಲಿಲ್ಲ ನಾನು. ಹುಡುಗನ ತಂದೆ ಅವತ್ತು, ಹುಡುಗಿ ಮನೆಯಲ್ಲಿ ಏನೋ ವಿಮಾನ ಗಿಮಾನ ಮಾಡುತ್ತ ಕೂರುತ್ತಾಳಂತಲ್ಲ ಎಂದು ಕೇಳಿದ್ದರು. ನಾನು ನಗುತ್ತ ಹೇಳಿದ್ದೆ: “ಅವು ಆಟಿಗಿ ಸಾಮಾನರಿ. ಲಗ್ನಕ್ಕಿಂತ ಮೊದಲ ಎಲ್ಲಾ ತಿಪ್ಪಿಗೆ ಒಗದ ಬಿಡತೀನಿ, ನೀವ ಚಿಂತಿ ಮಾಡಬ್ಯಾಡ್ರಿ.”

ನಂದಾ ವಿಮಾನದ ಕಡೆಗೇ ನೋಡುತ್ತ ಹೇಳಿದಳು. “ನಿನ್ನ ಹೆಗಲ ಮ್ಯಾಲ ಕೈ ಇಟ್ಟ ಕುಂತಿದ್ದೆ. ಅದನ್ನ ಕೇಳಿ ಕೈ ತಗದೆ. ಅಷ್ಟರಾಗ ಗಾಡಿ ಜಾರತು. ಹಿಡಕೊಳ್ಳಾಕ ನನಗ ಏನೂ ಇರಲಿಲ್ಲ.”

ತಿಂಗಳಿನಿಂದ ನನಗೆ ತಿಳಿಯದೇ ಇದ್ದದ್ದು ಅದೊಂದೇ. ಒಂದೇ ಗಾಡಿಯಲ್ಲಿ ಬಿದ್ದೆವು, ನನಗೆ ಬರೀ ಮೊಣಕಾಲು ತರಚಿತು, ಅವಳ ಕೈ ಯಾಕೆ ಮುರಿಯಿತು? ಈಗ ತಿಳಿಯಿತು.

“ಮತ್ತ ಅವತ್ತ ಯಾಕ ಹೇಳಲಿಲ್ಲ?”

“ಏನಂತ ಹೇಳಲಿ? ನೀ ನಾಯಿ ಅಂದಿ.”

ತಪ್ಪಾಯಿತು ಎಂದೆ. ಸಣ್ಣ ಮಾತು, ಆಡಲು ಸ್ಲ್ಯಾಬ್ ಎತ್ತಿದಷ್ಟು ಕಷ್ಟವಾಯಿತು. ಪರವಾಗಿಲ್ಲ ಬಿಡು ಎಂದು ಅವಳು ಅನ್ನಲಿಲ್ಲ. ಅಂದಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಅವಳು ಅನ್ನಲಿಲ್ಲ, ನಾನೂ ಅದರ ಮೇಲೆ ಮಾತು ಸುರಿಯಲಿಲ್ಲ.

ಏಪ್ರಿಲ್ ೭, ಸೋಮವಾರ

ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ನಂದಾಳ ಮುಂದೆ, ಎಲ್ಲರ ಮುಂದೆ ಬಬಲೇಶ್ವರಕ್ಕೆ ಫೋನ್ ಮಾಡಿದೆ. “ಅವತ್ತ ನಿಮಗ ಒಂದ ಮಾತ ಕೊಟ್ಟಿದ್ದೆ, ಅದನ್ನ ತಿರುಗಿ ತಗೊಳ್ಳಾಕತ್ತೇನಿ. ಅವು ಆಟಿಗಿ ಅಲ್ಲರಿ. ಒಗಿಯಾಂಗಿಲ್ಲ. ಆಕಿ ಮೇಜು ಆಕಿ ಹೋದಲ್ಲೆ ಹೋಗತೈತಿ. ಜಾಗಾ ಇದ್ರ ಹೇಳ್ರಿ.”

ವಿಚಾರ ಮಾಡಿ ಹೇಳತೀವಿ ಅಂದರು. ಆ ದನಿಯಲ್ಲೇ ಗೊತ್ತಾಯಿತು, ಇನ್ನು ಅಲ್ಲಿಂದ ಫೋನ್ ಬರುವುದಿಲ್ಲ.

ಕಸ್ತೂರಿ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದಳು. ಒಳ್ಳೆಯ ಸಂಬಂಧ ಹೋಯಿತೆಂದು ಅವಳು ಅಳುವ ಮೊದಲೇ ನಾಯಿಯ ಸುಳ್ಳನ್ನೂ ಹೇಳಿಬಿಟ್ಟೆ. ಅಳು ನಿಂತಿತು, ಸಿಟ್ಟು ಶುರುವಾಯಿತು. ಅವ್ವ ಹಾಸಿಗೆಯಿಂದಲೇ ಕೂಗಿದಳು: “ತಿಂಗಳಾನುಗಟ್ಟಲೆ ಆ ಬಡಪಾಯಿಗೆ ಶಾಪ ಹಾಕಿಸಿದೆಲ್ಲೋ ನನ್ನ ಕೈಲೆ! ಎದ್ದ ಹೋಗಿ ರೊಟ್ಟಿ ಹಾಕ!”

ಎರಡು ಬಿಸಿ ರೊಟ್ಟಿ, ಮೇಲೆ ಮೊಸರು ಹಾಕಿಕೊಂಡು ಗೇಟಿಗೆ ಹೋದೆ. ನಾಯಿ ನನ್ನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿಯಿತು. ರೊಟ್ಟಿ ಇಟ್ಟು ನಾನೂ ಹಿಂದೆ ಸರಿದೆ.

ಕಸ್ತೂರಿ ಇವತ್ತು ನನಗೆ ಚಹಾ ಕೊಡಲಿಲ್ಲ.

ಏಪ್ರಿಲ್ ೧೨, ಶನಿವಾರ, ಪುಣೆ

ಬಸ್ಸಿನಲ್ಲಿ ಸೋಲಾಪುರದ ಮೇಲಿಂದ ಬಂದೆವು. ತಟ್ಟೆ ಪೂರ್ತಿ ದಾರಿ ನನ್ನ ತೊಡೆಯ ಮೇಲೆ. ಕಾಲು ಸೆಳೆತ ಬಂದರೂ ಕದಲಲಿಲ್ಲ. ಆದರೂ ಇಲ್ಲಿ ಬಂದು ಬಟ್ಟೆ ಬಿಚ್ಚಿ ನೋಡಿದರೆ ಒಂದು ಮೂಲೆಯಲ್ಲಿ ಹೊಸ ಬಿರುಕು, ನಮ್ಮ ನಕ್ಷೆಯಲ್ಲಿ ಇಲ್ಲದ್ದು. ನನ್ನ ಹೆಬ್ಬೆರಳು ತಾನಾಗಿಯೇ ಅದರ ಮೇಲೆ ಹೋಯಿತು. ಎಳೆದು ಜೇಬಿನಲ್ಲಿ ಇಟ್ಟುಕೊಂಡೆ.

ದೊಡ್ಡ ಹಾಲ್. ಎಷ್ಟು ವಿಮಾನ, ಎಷ್ಟು ಹಡಗು! ನಂದಾ ಚೀಲದಿಂದ ಒಂದು ಹಿತ್ತಾಳೆಯ ಪಟ್ಟಿ ತೆಗೆದು ಅಂಚಿಗೆ ಅಂಟಿಸಿದಳು. ಅಯೂಬನ ಹತ್ತಿರ ಮಾಡಿಸಿದ್ದಂತೆ, ಅಕ್ಷರ ಎಡಗೈಯಿಂದ ತಾನೇ ಕೊರೆದದ್ದಂತೆ. ಒಂದನೆಯ ಇಯತ್ತೆಯ ಮಕ್ಕಳ ಹಾಗೆ ಸೊಟ್ಟ ಸೊಟ್ಟ.

‘ವಿಮಾನ: ನಂದಾ. ನೆಲ: ಗುರುಪಾದಯ್ಯ. ಮಜ್ಜಿಗೆ: ರೇಣುಕವ್ವ.’

ನೂರಾ ನಲವತ್ತು ಮನೆ ಕಟ್ಟಿದ್ದೇನೆ. ಎಲ್ಲದರ ಹಣೆಯ ಮೇಲೂ ಮಾಲೀಕರ ಹೆಸರು ಇದೆ, ದೇವರ ಹೆಸರು ಇದೆ. ಅದು ಹಾಗೆಯೇ ಇರಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ನಾನು ಮಾಡಿದ ಒಂದು ಕೆಲಸದ ಮೇಲೆ ನನ್ನ ಹೆಸರನ್ನು ನಾನು ನೋಡಿದ್ದು ಇದೇ ಮೊದಲು. ಚಹಾ ಕುಡಿದು ಬರುತ್ತೇನೆ ಎಂದು ಹೊರಗೆ ಹೋದೆ. ಚಹಾ ಕುಡಿಯಲಿಲ್ಲ. ಗೋಡೆಯ ಕಡೆ ಮುಖ ಮಾಡಿ ನಿಂತು ಅತ್ತೆ.

ತೀರ್ಪುಗಾರರಲ್ಲಿ ಒಬ್ಬರು ಬಗ್ಗಿ ನೋಡಿ ಹಿಂದಿಯಲ್ಲಿ ಕೇಳಿದರು, ಈ ಮೂಲೆಯ ಬಿರುಕು ಹೇಗೆ ಮಾಡಿದಿರಿ, ಎಲ್ಲಕ್ಕಿಂತ ನಿಜ ಅನ್ನಿಸುತ್ತದೆ. ನಂದಾ ನನ್ನ ಕಡೆ ತೋರಿಸಿದಳು. “ಅದು ತಾನಾಗೇ ಬಂತು, ನಾನು ಮುಚ್ಚಲಿಲ್ಲ” ಎಂದೆ, ನನ್ನ ಹರಕುಮುರುಕು ಹಿಂದಿಯಲ್ಲಿ.

ಮೊದಲ ಮೂರರಲ್ಲಿ ನಾವಿಲ್ಲ. ಮೆಚ್ಚುಗೆಯ ಪತ್ರ ಒಂದು ಬಂತು. ನಂದಾಗೆ ಸ್ವಲ್ಪ ಬೇಜಾರು. ನನಗೆ ಬಹಳ. ಗೆದ್ದ ಹಡಗಿನ ನೀರು ನೋಡಿದೆ, ಅದು ನೀರಿನ ಹಾಗೆಯೇ ಇಲ್ಲ. ಮುಂದಿನ ವರ್ಷ ನೋಡಿಕೊಳ್ಳುತ್ತೇವೆ.

ಏಪ್ರಿಲ್ ೧೬, ಬುಧವಾರ

ನಿನ್ನೆ ಪ್ಲಾಸ್ಟರ್ ಬಿಚ್ಚಿದರು. ಕೈ ಸಣ್ಣದಾಗಿದೆ, ಬೆಳ್ಳಗಾಗಿದೆ. ಬೆರಳು ಪೂರ್ತಿ ಮಡಚಲು ಇನ್ನೂ ಒಂದು ತಿಂಗಳು ಬೇಕಂತೆ.

ಇವತ್ತು ಬೆಳಿಗ್ಗೆ ನಾನು ಸಾರವಾಡದ ಕೆಲಸಕ್ಕೆ ಹೊರಟಾಗ ನಂದಾ ಚೀಲ ಹಿಡಿದು ಗೇಟಿನಲ್ಲಿ ನಿಂತಿದ್ದಳು. ಅವತ್ತು ಆ ಹೊಲದ ಫೋಟೊ ಅರ್ಧವೇ ಆಗಿತ್ತು, ಬಾವಿಯ ಕಡೆಯದು ಉಳಿದಿದೆ, ಬರುತ್ತೇನೆ ಎಂದಳು. ಕಸ್ತೂರಿ ಬಾಗಿಲಲ್ಲಿ ನಿಂತು ಹೆದರಿದ ಮುಖ ಮಾಡಿದಳು, ಬೇಡ ಅನ್ನಲಿಲ್ಲ. ನಾಯಿ ಬೈಕಿನ ಗಾಲಿ ಮೂಸಿ ನೋಡಿತು.

ಹಿಂದೆ ಹತ್ತಿ ಕೂತಳು. ಸೀಟಿನ ಹಿಂದಿನ ಕಬ್ಬಿಣವನ್ನು ಎಡಗೈಯಿಂದ ಹಿಡಿದುಕೊಂಡಳು. ನಾನು ಗಾಡಿ ಚಾಲೂ ಮಾಡಿದೆ.

ಊರು ದಾಟಿದ ಮೇಲೆ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಬಡಿದುಕೊಳ್ಳಲಿ ಎಂದು ಬಿಟ್ಟೆ. ನಿಂತಿತು, ಮತ್ತೆ ಶುರುವಾಯಿತು. ಎರಡೂ ಕೈ ಹ್ಯಾಂಡಲ್ ಮೇಲೆಯೇ ಇಟ್ಟು, ಉಸುಕಿದ್ದ ಆ ತಿರುವು ಬಂದಾಗ ನಿಧಾನ ಮಾಡಿದೆ. ಉಸುಕು ಇನ್ನೂ ಹಾಗೆಯೇ ಬಿದ್ದಿದೆ.

ಆಗ ನನ್ನ ಬಲ ಹೆಗಲ ಮೇಲೆ ಏನೋ ಹಗುರಾಗಿ ತಾಗಿತು. ಅವಳ ಬಲಗೈ. ಬೆರಳಿಗೆ ಹಿಡಿಯುವ ಶಕ್ತಿ ಇನ್ನೂ ಬಂದಿಲ್ಲ, ಸುಮ್ಮನೆ ಇಟ್ಟಿದ್ದಳು ಅಷ್ಟೇ. ಸಾರವಾಡ ಬರುವ ತನಕ ತೆಗೆಯಲಿಲ್ಲ.

ಬಾಕಿ ಕೆಲಸ: ಬಾವಿ. ಕಲ್ಲು ಕಟ್ಟಿದ್ದು, ಮೂವತ್ತೆರಡಕ್ಕೆ ಒಂದು.